ಚಾಮಯ್ಯ ಮೇಷ್ಟ್ರು ಬಸ್ ಹತ್ತಿದರು!

ಸಿನಿಮಾದಲ್ಲಿ ಮೇಷ್ಟ್ರು ಊರು ಬಿಡುವ ಸೀನ್ ನೋಡಿದ್ದೀರಲ್ಲ? ಮಕ್ಕಳು ಸಾಲಾಗಿ ನಿಂತು ಅಳುತ್ತಾರೆ, ಹಿನ್ನೆಲೆಯಲ್ಲಿ ಪಿಟೀಲು, ಮೇಷ್ಟ್ರು ಕನ್ನಡಕ ಒರೆಸಿಕೊಂಡು ಜಟಕಾ ಹತ್ತುತ್ತಾರೆ. ಎರಡೇ ನಿಮಿಷ! ನಿಜಜೀವನದಲ್ಲಿ ಅದಕ್ಕೆ ಮೂರು ವಾರ ಬೇಕು ಸ್ವಾಮಿ. ಅಳೋದಕ್ಕೂ ಪುರುಸೊತ್ತಿರೋದಿಲ್ಲ.

ನಾನು ಬಿಟ್ಟು ಬಂದ ಊರು ಕಾಂಬೋಡಿಯಾ ದೇಶದ ಬಟ್ಟಂಬಾಂಗ್. 2017ರ ಅಕ್ಟೋಬರಿನಿಂದ 2018ರ ಏಪ್ರಿಲ್‌ವರೆಗೆ ಅಲ್ಲಿ, ಊರಾಚೆಯ ಒಂದು ಬೌದ್ಧ ವಿಹಾರದ ಅಂಗಳದಲ್ಲಿ, ಸಂಬಳವಿಲ್ಲದ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಎರಡು ಹೊತ್ತು ಊಟ, ಒಂದು ಕೋಣೆ, ಒಂದು ಹಳೇ ಸೈಕಲ್ಲು, ಇಷ್ಟೇ ನನ್ನ ಸಂಭಾವನೆ. ಅಲ್ಲಿನ ಸರಕಾರಿ ಶಾಲೆ ಅರ್ಧ ದಿನ ಮಾತ್ರ. ಉಳಿದ ಅರ್ಧ ದಿನ ಮಕ್ಕಳು ಹೀಗೆ ಬಿಟ್ಟಿ ಪಾಠ ಎಲ್ಲಿದೆ ಅಂತ ಹುಡುಕಿಕೊಂಡು ಬರುತ್ತಾರೆ. ಹತ್ತು ವರ್ಷದ ಪೋರನಿಂದ ಹಿಡಿದು ಮೀಸೆ ಚಿಗುರಿದವರವರೆಗೆ ನನ್ನ ಬಳಿ ನಲವತ್ತೇಳು ಮಂದಿ!

"ಅರಸೀಕೆರೆ ಕಡೆಯವನು ಇಂಗ್ಲಿಷ್ ಕಲಿಸೋಕೆ ಫಾರಿನ್ನಿಗೆ ಹೋದನಾ?" ಅಂತ ನಗಬೇಡಿ. ನಮ್ಮಣ್ಣನೂ ನಕ್ಕಿದ್ದ. ಆದರೆ ಅಲ್ಲಿ ಹೋಗಿ ಇಳಿದರೆ ಅರ್ಧ ಭಾಷೆ ನಮ್ಮದೇ ಅನ್ನಿಸಿತು. ಮೇಷ್ಟ್ರಿಗೆ 'ಲೋಕ್ ಕ್ರೂ' ಅಂತಾರೆ, ಆ 'ಕ್ರೂ' ನಮ್ಮ ಗುರುವೇ. ಶಾಲೆಗೆ 'ಸಾಲಾ', ಅಕ್ಷರಕ್ಕೆ 'ಅಕ್ಸರ್'. ಎದುರಿಗೆ ಸಿಕ್ಕವರು ಮೊದಲು ಕೇಳೋದು ಏನು ಗೊತ್ತೇ? "ಊಟ ಆಯ್ತಾ?" ನಮ್ಮೂರೇ ಬಿಡಿ!

ತೊಂದರೆ ಶುರುವಾದದ್ದು ಬಾಲದಿಂದ. ಖ್ಮೇರ್ ಮಾತಾಡುವವರಿಗೆ ಪದದ ಕೊನೆಯ 'ಸ್' ನಾಲಿಗೆಗೆ ಬರೋದಿಲ್ಲ. 'ರೈಸ್' ಅನ್ನು 'ರೈ' ಅಂತಲೋ 'ರೈಹ್' ಅಂತಲೋ ನುಂಗಿಬಿಡುತ್ತಾರೆ. ಅವರು ಬಾಲ ಕತ್ತರಿಸುವವರು, ನಾವೋ ಬಾಲ ಅಂಟಿಸುವವರು. ಬಸ್ಸು, ಕಾರು, ಗ್ಲಾಸು! ಕೊನೆಯಕ್ಷರ ಗಟ್ಟಿಯಾಗಿ ಹೇಳಿ ಹೇಳಿ ಅಂತ ನಾನು ಒತ್ತಿದ್ದೇ ಒತ್ತಿದ್ದು. ಮೂರು ತಿಂಗಳಾದ ಮೇಲೆ ನಲವತ್ತೇಳು ಮಂದಿ ಒಕ್ಕೊರಲಿನಿಂದ 'ರೈಸು' ಅಂದರು. ನನಗೆ ಅದು ಸರಿಯಾಗಿಯೇ ಕೇಳಿಸಿತು, ಅದೇ ದುರಂತ.

ಇರಲಿ. ಆ ತರಗತಿಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿದ್ದ. ಅವನ ಅಣ್ಣ ಥಾಯ್‌ಲ್ಯಾಂಡಿನಲ್ಲಿ ಕಟ್ಟಡದ ಕೂಲಿ. ಗಡಿ ಹತ್ತಿರ, ಆ ಕಡೆ ಕೂಲಿ ಜಾಸ್ತಿ. ಬಟ್ಟಂಬಾಂಗ್ ಕಡೆಯ ಹುಡುಗರು ಆಗ ಹೋಗುತ್ತಿದ್ದ ದಾರಿಯೇ ಅದು. ಇವನನ್ನೂ ಕರೆದಿದ್ದ. ಡಿಸೆಂಬರಿನಲ್ಲಿ ಹುಡುಗ ನನ್ನ ಹತ್ತಿರ ಬಂದು, "ಲೋಕ್ ಕ್ರೂ, ಹೋಗಲಾ, ಇರಲಾ?" ಅಂತ ಕೇಳಿದ. ನಾನು ದೊಡ್ಡ ಮನುಷ್ಯನ ಹಾಗೆ ಗಂಟಲು ಸರಿಮಾಡಿಕೊಂಡು, "ಇರು. ಇಂಗ್ಲಿಷ್ ಕಲಿ. ಸಿಯೆಮ್ ರೀಪ್‌ನಲ್ಲಿ ಹೋಟೆಲ್ ಕೆಲಸ ಸಿಗುತ್ತೆ" ಅಂದುಬಿಟ್ಟೆ. ಅಂಗ್‌ಕೋರ್ ವಾಟ್ ನೋಡಲು ಪ್ರಪಂಚವೇ ಬಂದಿಳಿಯುವ ಊರು ಅದು. ಹುಡುಗ ಅಣ್ಣನಿಗೆ ಫೋನು ಮಾಡಿ ಬರೋದಿಲ್ಲ ಅಂದ.

ಅವನ ಅಜ್ಜಿಗೆ ಸಿನಿಮಾ ಹುಚ್ಚು. ನನಗೂ ಅದೇ ರೋಗ ಅಂತ ಗೊತ್ತಾದ ಮೇಲೆ ಭಾನುವಾರ ಅವರ ಮನೆಯಲ್ಲೇ ಊಟ. ಅಜ್ಜಿ ಮಾತಾಡುವರು, ಹುಡುಗ ತನ್ನ ಹೊಸ ಇಂಗ್ಲಿಷಿನಲ್ಲಿ ನನಗೆ ದಾಟಿಸುವನು. 1970ರಲ್ಲಿ ಬಂದ 'ಪುಸ್ ಕೆಂಗ್ ಕಾಂಗ್' ಎಂಬ ನಾಗರಾಜನ ಕಥೆಯ ಚಿತ್ರ. ನಾಯಕಿ ದಿ ಸಾವೆತ್ ಎಂದರೆ ಅಜ್ಜಿಗೆ ಪ್ರಾಣ. ಆ ಕಾಲಕ್ಕೆ, 1960ರಿಂದ 1975ರೊಳಗೆ, ಆ ಪುಟ್ಟ ದೇಶದಲ್ಲಿ ಸುಮಾರು 400 ಚಿತ್ರ ತಯಾರಾಗಿದ್ದವು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ರಾಜಧಾನಿ ಹಿಡಿಯಿತು. ಟಾಕೀಸು ಮುಚ್ಚಿತು, ಶಾಲೆ ಮುಚ್ಚಿತು. ಕಲಾವಿದರು, ಮೇಷ್ಟ್ರುಗಳು, ಓದಿದವರು ಸತ್ತವರ ಲೆಕ್ಕಕ್ಕೆ ಸೇರಿದರು. ಆ 400ರಲ್ಲಿ ಉಳಿದದ್ದು 30ರಷ್ಟು. ಅಜ್ಜಿಯ ಗಂಡನೂ ಊರ ಶಾಲೆಯ ಮೇಷ್ಟ್ರೇ. ಅದನ್ನು ಹೇಳಿ ಅಜ್ಜಿ ಒಲೆಯ ಕಡೆ ತಿರುಗಿದರು. ಹುಡುಗ ಆ ಮುಂದಿನದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ, ನಾನೂ ಕೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ, "ನಿಮ್ಮಲ್ಲಿ ಹಾವಿನ ಪಿಕ್ಚರ್ ಇಲ್ವಾ?" ಅಂದರು. ಬಿಡುತ್ತೇನೆಯೇ? ಪುಟ್ಟಣ್ಣನವರ 'ನಾಗರಹಾವು' ಕಥೆ ಶುರುಮಾಡಿದೆ. ಅದರಲ್ಲಿ ಹಾವಿಗಿಂತ ಮೇಷ್ಟ್ರೇ ಹೆಚ್ಚು ಅಂತ ಹೇಳಿ, ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುವಲ್ಲಿಗೆ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಎದುರಿಗೆ ಹುಡುಗ ಕಣ್ಣು ಮಿಟುಕಿಸದೆ ಕೇಳುತ್ತಿದ್ದಾನೆ. ಕ್ಲೈಮ್ಯಾಕ್ಸ್ ಹೇಳಲಿಲ್ಲ. ಬಸ್ಸಿಗೆ ಹೊತ್ತಾಯ್ತು ಅಂದೆ. ನಾನು ಹೋಗಿದ್ದದ್ದು ಸೈಕಲ್ಲಿನಲ್ಲಿ!

ಮಾರ್ಚ್ ಕೊನೆಗೆ ಓಟ ಶುರುವಾಯಿತು. ಏಪ್ರಿಲ್ 14ರ ಸುಮಾರಿಗೆ ಅವರ ಹೊಸ ವರ್ಷ, ನಮ್ಮ ಕರಾವಳಿಯ ಬಿಸು ಹಬ್ಬದ ಹೊತ್ತಿಗೇ. ನನ್ನ ವೀಸಾ ಮುಗಿಯೋದು ಅದಕ್ಕೆ ಮೂರು ದಿನ ಮುಂಚೆ. ಮೀರಿದರೆ ದಿನಕ್ಕೆ 10 ಡಾಲರ್ ದಂಡ! ಬರಬೇಕಿದ್ದ ಹೊಸ ಮೇಷ್ಟ್ರು ಬರೋದಿಲ್ಲ ಅಂತ ಸುದ್ದಿ ಬಂತು. ಸರಿ, ಚಿಕ್ಕವರಿಗೆ ಪಾಠ ಹೇಳಲು ದೊಡ್ಡ ಹುಡುಗಿಯರಿಬ್ಬರನ್ನು ತಯಾರು ಮಾಡಿದೆ. ದಿನದಿನದ ಪಾಠ ಬರೆದು ನೋಟ್‌ಬುಕ್ ತುಂಬಿಸಿದೆ. ನಲವತ್ತೇಳು ಸರ್ಟಿಫಿಕೇಟ್, ಎಲ್ಲಾ ಕೈಬರಹ. ಬಿಸಿಲೋ, ನಮ್ಮ ರಾಯಚೂರಿಗೆ ಸವಾಲು ಹಾಕುವಂಥದು. ಬೆವರು ಬಿದ್ದು ಇಂಕು ಹರಡಿ ಎಂಟು ಮತ್ತೆ ಬರೆದೆ.

ರಾತ್ರಿ ಊಟವಾದ ಮೇಲೆ ಹುಡುಗನಿಗೆ ಇಂಟರ್‌ವ್ಯೂ ತಾಲೀಮು. ನಾನು ಹೋಟೆಲ್ ಮ್ಯಾನೇಜರ್, ನಾನೇ ಜಗಳಗಂಟ ಗಿರಾಕಿ, ಡಬಲ್ ಆಕ್ಟಿಂಗ್! ಏಪ್ರಿಲ್ ಮೊದಲ ವಾರ ನನ್ನ ಇಸ್ತ್ರಿ ಶರಟು ತೊಟ್ಟು ಸಿಯೆಮ್ ರೀಪ್‌ಗೆ ಹೋದ. ಸಂಜೆ ಬಂದು ಶರಟು ಮಡಿಸಿ ಕೊಟ್ಟ.

"ಏನಾಯ್ತೋ?"

"ಚೆನ್ನಾಗಾಯ್ತು. ಆದರೆ 'ಐಸು' ಅಂದೆ. ಅವರೆಲ್ಲ ನಕ್ಕರು. ಏನು ಭಾಷೆ ಇದು ಅಂದರು. ಇಂಗ್ಲಿಷು ಅಂದೆ. ಇನ್ನೂ ನಕ್ಕರು."

ಅವನೂ ನಗುತ್ತಿದ್ದ. ನನ್ನ ಕೈಲಾಗಲಿಲ್ಲ. ಐದು ದಿನ ಕಾದೆವು, ಹೋಟೆಲಿನಿಂದ ಫೋನು ಬರಲಿಲ್ಲ. ಕೆಲಸ ತಪ್ಪಿದ್ದು ಆ ಬಾಲದಿಂದಲೇನಾ? ಬೇರೆ ಹುಡುಗರು ಇನ್ನೂ ಚುರುಕಾಗಿದ್ದಿರಬಹುದು. ಏನಾದರೂ ಆಗಿರಲಿ, ಅವನ ಅಣ್ಣ ಹಬ್ಬಕ್ಕೆ ಬರುವ ಹಿಂದಿನ ದಿನವೇ ನಾನು ಹೊರಡುವವನಿದ್ದೆ. ಏಪ್ರಿಲ್ 11ರ ಬೆಳಿಗ್ಗೆ ಹುಡುಗನೇ ಮೋಟಾರ್ ಸೈಕಲ್ಲಿನಲ್ಲಿ ನನ್ನನ್ನು ನಾಮ್ ಪೆನ್ ಬಸ್ಸಿಗೆ ಬಿಟ್ಟ. ಪಿಟೀಲು ಇಲ್ಲ, ಅಳು ಇಲ್ಲ. ಟ್ರಂಕು ಮೇಲೆ ಎತ್ತಿಕೊಟ್ಟು, "ಲೋಕ್ ಕ್ರೂ, ಆ ರಾಮಾಚಾರಿ ಕೊನೆಗೆ ಏನಾದ?" ಅಂದ. ಡ್ರೈವರ್ ಹಾರನ್ ಹೊಡೆದ. ಆ ದಿನ ನಿಜವಾಗಿಯೂ ಬಸ್ಸಿಗೆ ಹೊತ್ತಾಗಿತ್ತು.

ಜೂನ್ ತಿಂಗಳಲ್ಲಿ, ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಫೋನಿಗೆ ಅವನ ದನಿಯ ಮೆಸೇಜು ಬಂತು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಗಡಗಡ. ಅಣ್ಣನ ಜೊತೆ ಬ್ಯಾಂಕಾಕಿನಲ್ಲಿದ್ದಾನಂತೆ. "ಲೋಕ್ ಕ್ರೂ, ಊಟ ಆಯ್ತಾ? ನನ್ನದಾಯ್ತು. ಐ ಈಟ್ ರೈಸು."

ತಿದ್ದಿ ಕಳಿಸೋಣ ಅಂತ ಅಲ್ಲೇ ನಿಂತು ರೆಕಾರ್ಡ್ ಮಾಡಿದೆ. ಕೇಳಿದೆ, ಅಳಿಸಿದೆ. ಮತ್ತೆ ಮಾಡಿದೆ. ಮೂರು ಸಲವೂ ನನ್ನ ಬಾಯಲ್ಲಿ 'ರೈಸು' ಅಂತಲೇ ಬಂತು.