ಮಧುಗಿರಿಯಲ್ಲೊಂದು ಕಡಲು

ಪಾಚಿ ಕಟ್ಟಬೇಕಾದರೂ ನೀರಿರಬೇಕಲ್ಲ! ಮಧುಗಿರಿ, ಪಾವಗಡದ ಕಡೆ ಹುಟ್ಟಿ ಬೆಳೆದ ನಮ್ಮಂಥವರಿಗೆ ಪಾಚಿಯ ಮೇಲೆ ಅಂಥ ಕೋಪವೇನಿಲ್ಲ. ಬಚ್ಚಲ ಕಲ್ಲಿನ ಮೇಲೆ ಕಟ್ಟಿದರೆ ತೆಂಗಿನ ನಾರು ಹಿಡಿದು ಉಜ್ಜುತ್ತೇವೆ. ಶಿರಾದ ಕೆರೆಯಲ್ಲೋ, ಕೊರಟಗೆರೆಯ ಜಯಮಂಗಲಿಯ ಮಡುವಿನಲ್ಲೋ ಹಸಿರು ಕಂಡರೆ 'ಸದ್ಯ, ಈ ವರ್ಷ ನೀರಿದೆ' ಎಂದು ಸಮಾಧಾನಪಡುತ್ತೇವೆ. ನಡುಮನೆಯ ಗಾಜಿನ ತೊಟ್ಟಿಯ ಪಾಚಿ ಮಾತ್ರ ಬೇರೆಯೇ.

ಆ ತೊಟ್ಟಿ ನನ್ನ ಸೊಸೆಯದು. ಕುಂದಾಪುರದ ಹುಡುಗಿ. ನಮ್ಮ ಮನೆಯ ಕಿಟಕಿ ತೆರೆದರೆ ಕಾಣುವುದು ಏಕಶಿಲೆಯ ಬೆಟ್ಟ. ಸಮುದ್ರ ಎಲ್ಲಿಂದ ಬರಬೇಕು? ಮಗ ಬೆಂಗಳೂರಿನಿಂದ 100 ಲೀಟರಿನ ತೊಟ್ಟಿ ತಂದ. ಅಕ್ವೇರಿಯಂ ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬೆರೆಸಿದರೆ ಕಡಲಿನ ನೀರಾಯಿತು. ತಿಂಗಳು ಕಳೆದ ಮೇಲೆ ಬಿಳಿ ಪಟ್ಟೆಯ ಎರಡು ಕೇಸರಿ ಮೀನು ಬಂದವು.

ಮೊದಲು ಗಾಜಿನ ಮೇಲೆ ಕಂದು ಧೂಳಿನಂಥದ್ದು ಕೂತಿತು. ಆಮೇಲೆ ಕಲ್ಲುಗಳಿಗೆಲ್ಲ ಹಸಿರು ಕೂದಲು. ಈ ವಾರ ಕಿತ್ತರೆ ಮುಂದಿನ ವಾರ ಮತ್ತೆ ಅಷ್ಟೇ ಉದ್ದ. "ಇದೆಲ್ಲ ನಮ್ಮೂರಿಗಲ್ಲ, ಯಾರಿಗಾದ್ರೂ ಕೊಟ್ಬಿಡೋಣ" ಎಂದ ಮಗ. ಸೊಸೆ ಉತ್ತರ ಕೊಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೂ ತೊಟ್ಟಿಯ ಮುಂದೆ ಕೂತಿದ್ದಳು. ತವರು ಬಿಟ್ಟು ಬಂದ ಯಾವ ಹೆಣ್ಣಿಗೂ ಆ ಕೂರುವಿಕೆ ಅರ್ಥವಾಗುತ್ತದೆ.

ಅಂಗಡಿಯವರು ಪಾಚಿ ಸಾಯಿಸುವ ಔಷಧಿ ಕೊಡುತ್ತೇವೆಂದರು. ಅವಳು ಒಪ್ಪಲಿಲ್ಲ. ಸತ್ತ ಪಾಚಿ ನೀರಿನಲ್ಲೇ ಕೊಳೆತರೆ ಮೀನಿಗೆ ಉಸಿರಾಡಲು ಆಮ್ಲಜನಕ ಸಾಲದು, ಆ ಕೊಳೆತದ್ದೇ ಮುಂದಿನ ಪಾಚಿಗೆ ಗೊಬ್ಬರ. ಪಾಚಿಗೆ ಬೇಕಾದದ್ದು ಬೆಳಕು ಮತ್ತು ಊಟ. ಮೀನು ತಿನ್ನದೆ ಬಿಟ್ಟದ್ದು ಕೊಳೆತು ನೈಟ್ರೇಟ್, ಫಾಸ್ಫೇಟ್ ಆಗುತ್ತದೆ. ಗೊಬ್ಬರ ಬಿದ್ದ ನೆಲದ ಬೋರ್‌ವೆಲ್ ನೀರಿನಲ್ಲೂ ನೈಟ್ರೇಟ್ ಇರುತ್ತದೆ. ಕಂದು ಪಾಚಿಗೆ ಬೇಕಾದ ಸಿಲಿಕೇಟೂ ಇರುತ್ತದೆ. ಅದಕ್ಕೇ ಕಡಲ ಮೀನು ಸಾಕುವವರು ಫಿಲ್ಟರ್ ನೀರಿಗೇ ಉಪ್ಪು ಬೆರೆಸುತ್ತಾರಂತೆ.

ಅಷ್ಟು ಹೊತ್ತಿಗೆ ಪಾವಗಡದಿಂದ ನನ್ನಕ್ಕ ಬಂದಿದ್ದಳು. "ಮೀನಿಗೂ ಫಿಲ್ಟರ್ ನೀರಾ?" ಎಂದು ಹುಬ್ಬೇರಿಸಿದಳು. ಆ ಮಾತಿನ ಭಾರ ನನಗೆ ಗೊತ್ತು. ಪಾವಗಡದ ನೆಲದ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಸಲ್ಲದು, ಕುದಿಸಿದರೂ ಹೋಗುವುದಿಲ್ಲ. ಹಲ್ಲು ಕಂದಾದವರನ್ನು, ಸೊಂಟ ಬಗ್ಗಿದವರನ್ನು ನೋಡುತ್ತಲೇ ಬೆಳೆದವರು ನಾವು. ಅಕ್ಕ ಈಗಲೂ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತಾಳೆ.

"ವಾರಕ್ಕೆ 10 ಲೀಟರ್ ಸಾಕು ದೊಡ್ಡತ್ತೆ, ಅರ್ಧ ಕ್ಯಾನು" ಎಂದಳು ಸೊಸೆ, ಅಳುಕುತ್ತ.

ಅಕ್ಕ ತೊಟ್ಟಿಯನ್ನೇ ನೋಡಿದಳು. "ಹಾಕಮ್ಮಾ, ಅದೂ ಒಂದು ಜೀವಾನೇ. ಆದ್ರೆ ಊಟ ಕಡಿಮೆ ಮಾಡು. ಮಿಕ್ಕಿದ್ದು ಕೊಳೀತಿದ್ರೆ ಯಾವ ಪಾತ್ರೆ ಚೊಕ್ಕಟವಾಗಿರುತ್ತೆ?"

ಅಲ್ಲಿಂದ ದಿನಕ್ಕೊಂದು ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ದೀಪ 8 ಗಂಟೆಗಿಂತ ಹೆಚ್ಚಿಲ್ಲ. ಕಿಟಕಿಯ ಬಿಸಿಲು ಬೀಳದಂತೆ ಪರದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ಉಜ್ಜಿ, ಕಿತ್ತ ಪಾಚಿಯನ್ನೂ ಕೊಳೆಯನ್ನೂ ನಳಿಗೆಯಲ್ಲಿ ಎಳೆದು, 10 ಲೀಟರ್ ಹೊರಗೆ, 350 ಗ್ರಾಂ ಉಪ್ಪು ಬೆರೆಸಿದ 10 ಲೀಟರ್ ಒಳಗೆ. ತೆಗೆದ ನೀರನ್ನು ಗಿಡಕ್ಕೆ ಹಾಕುವಂತಿಲ್ಲ, ಉಪ್ಪು ಬೇರನ್ನು ಸುಡುತ್ತದೆ. ಬಚ್ಚಲಿಗೆ ಸುರಿಯುವಾಗ ನನ್ನ ಹೊಟ್ಟೆ ಚುರ್ ಎನ್ನುವುದು ಸುಳ್ಳಲ್ಲ.

ಮೂರು ತಿಂಗಳಾಗುವಷ್ಟರಲ್ಲಿ ಮೀನು ಕಾಣತೊಡಗಿದವು. ಪಾಚಿ ಪೂರ್ತಿ ಹೋಗಿಲ್ಲ. ಹಿಂದಿನ ಗಾಜಿನ ಮೇಲೆ ಒಂದಿಷ್ಟನ್ನು ಸೊಸೆಯೇ ಬಿಟ್ಟಿದ್ದಾಳೆ, ಹೊಸದಾಗಿ ತಂದ ಬಸವನಹುಳುಗಳ ಊಟಕ್ಕೆ. "ಪಾಚಿಯೇ ಇಲ್ಲದ ಕಡಲು ಎಲ್ಲುಂಟು ಅತ್ತೆ?" ಎನ್ನುತ್ತಾಳೆ.

ನಮ್ಮ ಬೇಸಿಗೆಗೆ ತೊಟ್ಟಿಯ ನೀರು ದಿನವೂ ಇಂಗುತ್ತದೆ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ ಸಿಹಿನೀರನ್ನೇ ತುಂಬಬೇಕು. ಬೆಳಿಗ್ಗೆ ಕಾಫಿಗೆ ಮೊದಲು ಅವಳು ಲೋಟದಲ್ಲಿ ಹೊಯ್ಯುತ್ತಾಳೆ. ಕೊಡದ ಲೆಕ್ಕದಲ್ಲಿ ಸಂಸಾರ ನಡೆಸಿದವಳು ನಾನು. ಆ ಲೋಟಗಳ ಲೆಕ್ಕ ಮಾತ್ರ ಕೇಳುವುದಿಲ್ಲ.