ಚಿಕ್ಕದಾದ ಸೈಕಲ್ಲಿಗೆ ಎಷ್ಟು ಬೆಲೆ?

ಮಕ್ಕಳಿರುವ ಮನೆಯಲ್ಲಿ ಕೆಲವು ಸಾಮಾನುಗಳು ಹಳೆಯದಾಗುವ ಮೊದಲೇ ಚಿಕ್ಕದಾಗಿಬಿಡುತ್ತವೆ. ಅಂಗಿ, ಬೂಟು, ರೇನ್‌ಕೋಟುಗಳು ತಂಗಿಗೋ ತಮ್ಮನಿಗೋ, ಅವರಿಲ್ಲದಿದ್ದರೆ ಚಿಕ್ಕಮ್ಮನ ಮಗುವಿಗೋ ಸಲ್ಲುತ್ತವೆ. ಯಾರೂ ಬೆಲೆ ಕೇಳುವುದಿಲ್ಲ. ಸೈಕಲ್ಲಿನ ಮಾತು ಬೇರೆ. ಅದಕ್ಕೆ ಕೊಟ್ಟ ದುಡ್ಡು ಅಪ್ಪನಿಗೆ ನೆನಪಿರುತ್ತದೆ, ಅದರ ಮೇಲಿಂದ ಬಿದ್ದದ್ದು ಮಕ್ಕಳಿಗೆ ನೆನಪಿರುತ್ತದೆ, ಅದು ಜಗಲಿಯಲ್ಲಿ ಹಿಡಿದಿರುವ ಜಾಗ ಅಮ್ಮನಿಗೆ ದಿನಾ ಕಸ ಗುಡಿಸುವಾಗ ನೆನಪಾಗುತ್ತದೆ.

ನಮ್ಮ ಬಾಲ್ಯದಲ್ಲಿ ಸೈಕಲ್ ಚಿಕ್ಕದಾಗುವ ಪ್ರಶ್ನೆಯೇ ಇರಲಿಲ್ಲ; ನಾವೇ ಸೈಕಲ್ಲಿಗೆ ಚಿಕ್ಕವರಾಗಿದ್ದೆವು. ಗಂಟೆಗೆ ಐವತ್ತು ಪೈಸೆ ಕೊಟ್ಟು ಬಾಡಿಗೆಗೆ ತಂದ ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಸೊಂಟ ಒಂದು ಕಡೆ ಸೈಕಲ್ ಇನ್ನೊಂದು ಕಡೆ ಎಂಬಂತೆ ಒಳಪೆಡಲ್ ತುಳಿದು ಕಲಿತವರು ನಾವು. ಈಗ 12 ಇಂಚಿನಿಂದ ಮೊದಲುಮಾಡಿ 14, 16, 20, 24 ಎಂದು ಚಕ್ರಗಳು ಮಕ್ಕಳ ಜೊತೆಗೇ ಬೆಳೆಯುತ್ತವೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಸೈಕಲ್ ಮನೆಯಲ್ಲಿ ಉಳಿಯುತ್ತದೆ.

ನಮ್ಮ ಊರು ಸಾಗರ. ಕೊನೆಯ ಮಗಳಿಗೆ ಎಂಟು ವರ್ಷವಾದಾಗ, 2022ರ ಮೇ ತಿಂಗಳಲ್ಲಿ, ಶಿವಮೊಗ್ಗದಿಂದ 20 ಇಂಚಿನ ಸೈಕಲ್ ತಂದಿದ್ದೆ. ಬೆಲೆ 5,400 ರೂಪಾಯಿ. 2025ರ ಬೇಸಿಗೆ ರಜೆಯ ಹೊತ್ತಿಗೆ ಅವಳ ಮಂಡಿ ಹ್ಯಾಂಡಲ್ಲಿಗೆ ತಾಗತೊಡಗಿತು. ಸೀಟನ್ನು ಇನ್ನಷ್ಟು ಎತ್ತಿ ಎಂದಳು. ಸೀಟಿನ ಕೊಳವೆಯ ಮೇಲೆ ಒಂದು ಅಡ್ಡಗೆರೆ ಇರುತ್ತದೆ, ನೀವೂ ನೋಡಿರಬಹುದು. ಆ ಗೆರೆ ಹೊರಗೆ ಕಾಣುವಷ್ಟು ಎತ್ತಿದರೆ ಒಳಗೆ ಉಳಿಯುವ ಕೊಳವೆಯ ಉದ್ದ ಸಾಲದು. ಸನ್ನೆಕೋಲಿನ ತತ್ತ್ವದಂತೆ ಹೊರಗಿನ ಉದ್ದ ಹೆಚ್ಚಿದಷ್ಟೂ ಬುಡದ ಮೇಲೆ ಬೀಳುವ ಒತ್ತಡ ಹೆಚ್ಚು, ಒಂದು ದಿನ ಕೊಳವೆಯೋ ಚೌಕಟ್ಟೋ ಮುರಿಯುತ್ತದೆ. ನಮ್ಮದು ಆಗಲೇ ಗೆರೆಯ ಹತ್ತಿರವಿತ್ತು. ಹಾಗಾಗಿ ಮಾರುವುದೆಂದು ತೀರ್ಮಾನವಾಯಿತು. ಬಂದ ದುಡ್ಡು ಅವಳದು, ಮುಂದಿನ ಸೈಕಲ್ಲಿಗೆ ಸೇರಬೇಕು, ಬೆಲೆಯನ್ನೂ ಅವಳೇ ಹೇಳಬೇಕು. ಇದು ಒಪ್ಪಂದ.

ಬೆಲೆ ಕಟ್ಟುವ ಬಗೆ ಹೇಗೆ? ನಾನು ತರಗತಿಯಲ್ಲಿ ಅರ್ಧಾಯು ಪಾಠ ಮಾಡುವವನು. ಕೊಬಾಲ್ಟ್-60 ಸುಮಾರು ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಮಕ್ಕಳ ಸೈಕಲ್ಲಿಗೆ ಎರಡು ವರ್ಷ ಅರ್ಧಾಯು ಎಂದಿಟ್ಟುಕೊಂಡು ಲೆಕ್ಕ ಹಾಕು ಎಂದೆ. ಎರಡು ವರ್ಷಕ್ಕೆ 2,700. ಮೂರು ವರ್ಷಕ್ಕೆ ಅದನ್ನು ಎರಡರ ವರ್ಗಮೂಲದಿಂದ ಭಾಗಿಸಿ 1,909. ಅವಳು ಹಾಳೆಯನ್ನು ನೋಡಿ, "ಆ ಒಂಬತ್ತು ರೂಪಾಯಿ ಸೈಕಲ್ಲಿನ ಯಾವ ಭಾಗದ್ದು ಅಪ್ಪಾ?" ಎಂದಳು.

ಇದು ಮೇಲಿನ ಮಿತಿ. ಕೆಳಗಿನ ಮಿತಿ ಗುಜರಿಯದು. ಸೈಕಲ್ಲನ್ನು ಹಿಡಿದುಕೊಂಡು ತೂಕದ ಯಂತ್ರ ಹತ್ತಿದೆ, ನನ್ನ ತೂಕ ಕಳೆದೆ, 13 ಕಿಲೋ. ನಮ್ಮೂರ ಗುಜರಿಯವರು ಕಿಲೋಗೆ 25 ರೂಪಾಯಿ ಎಂದರು. ಅಂದರೆ 325. ಬೆಲೆ ಇವೆರಡರ ನಡುವೆ ಎಲ್ಲೋ ಇದೆ. ಸೈಕಲ್ಲಿನ ಒಂದು ದೊಡ್ಡ ಗುಣ ಎಂದರೆ ಅದು ಗುಜರಿಯ ಮಟ್ಟಕ್ಕೆ ಬೇಗ ಇಳಿಯುವುದಿಲ್ಲ. ನಾನು ಕಾಲೇಜಿಗೆ ತುಳಿದದ್ದು ಅಟ್ಲಾಸ್ ಸೈಕಲ್. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಬೈಸಿಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ ನನ್ನ ಅಟ್ಲಾಸ್ ಓಡುತ್ತಿದೆ. ಟೈರು, ಚೈನು, ಬ್ರೇಕ್ ರಬ್ಬರ್ ಯಾವ ಕಂಪನಿಯದಾದರೂ ಕೂರುತ್ತದಲ್ಲ!

ಇನ್ನು ಪರೀಕ್ಷೆ. ಮಲೆನಾಡಿನಲ್ಲಿ ಮೂರು ಮಳೆಗಾಲ ಕಂಡ ಕಬ್ಬಿಣ ಎಂದರೆ ತುಕ್ಕಿನ ಪಾಠಕ್ಕೆ ಬೇರೆ ಪ್ರಯೋಗಾಲಯ ಬೇಡ. ಹ್ಯಾಂಡಲ್ಲಿನ ಹೊಳಪಿನ ಮೇಲಿನ ತುಕ್ಕನ್ನು ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ನೀರಲ್ಲಿ ಅದ್ದಿ ಉಜ್ಜಿದರೆ ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಚೈನಿಗೆ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಣಗಿದ ಮೇಲೆ ಎರಡು ಹನಿ ಯಂತ್ರದೆಣ್ಣೆ. ಇದೆಲ್ಲ ಚರ್ಮದ ಮೇಲಿನ ತುಕ್ಕು. ನೋಡಬೇಕಾದದ್ದು ಬೆಸುಗೆಗಳನ್ನು. ಹ್ಯಾಂಡಲ್ಲಿನ ಕೆಳಗೆ ಕೊಳವೆಗಳು ಕೂಡುವಲ್ಲಿ, ಪೆಡಲಿನ ಅಚ್ಚು ಇರುವಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಆ ಸೈಕಲ್ಲನ್ನು ಯಾವ ಬೆಲೆಗೂ ಮಾರಬಾರದು. ಅದರ ಜಾಗ ಗುಜರಿಯೇ. ನಮ್ಮದರಲ್ಲಿ ಬಿರುಕಿರಲಿಲ್ಲ. ಬ್ರೇಕ್ ರಬ್ಬರ್ ಸವೆದಿತ್ತು, ಹಾಕಿಸಿದೆವು. ಬ್ರೇಕಿಲ್ಲದ ಸೈಕಲ್ ಮನೆಯಿಂದ ಹೊರಡಕೂಡದು. ಹಿಂದಿನ ಟೈರು ನುಣ್ಣಗಾಗಿತ್ತು. ಹೊಸದು ಹಾಕಿದರೆ ಅಷ್ಟು ದುಡ್ಡು ಬೆಲೆಯಲ್ಲಿ ವಾಪಸು ಬರುವುದಿಲ್ಲ ಎಂದು ರಿಪೇರಿಯವರೇ ಹೇಳಿದ್ದರಿಂದ ಬಿಟ್ಟೆವು. ಇಳಿಜಾರಿನಲ್ಲಿ ಒಮ್ಮೆ ಮೋರಿಗೆ ಬಿದ್ದಾಗ ಹಿಂದಿನ ರಿಮ್ಮು ಸ್ವಲ್ಪ ಡೊಂಕಾಗಿತ್ತು; ಕಡ್ಡಿ ಬಿಗಿ ಮಾಡಿ ಮುಕ್ಕಾಲು ಪಾಲು ಸರಿಮಾಡಿಕೊಟ್ಟರು.

"ಅದನ್ನ ಹೇಳಬೇಕಾ?" ಎಂದು ಕೇಳಿದಳು ಮಗಳು.

"ಚಕ್ರ ತಿರುಗಿಸಿದರೆ ಅವರಿಗೇ ಕಾಣುತ್ತೆ."

"ತಿರುಗಿಸದಿದ್ದರೆ?"

"ಆಗಂತೂ ಹೇಳಲೇಬೇಕು."

ಮೊದಲು ಬಂದವರು ನನಗೆ ಪರಿಚಯದವರು, ಒಳ್ಳೆಯ ಸಂಬಳದವರು. 1,900 ಎಂದು ನಾನು ಸುಮ್ಮನೆ ಲೆಕ್ಕ ಹೇಳಿದ್ದಕ್ಕೆ ಚೌಕಾಸಿ ಮಾಡದೆ ಜೇಬಿಗೆ ಕೈ ಹಾಕಿದರು. ಜೊತೆಗೆ ಮಗನಿದ್ದ, ಆರು ವರ್ಷವೂ ಪೂರ್ತಿ ತುಂಬಿರಲಿಕ್ಕಿಲ್ಲ. ಸೀಟನ್ನು ತೀರಾ ಕೆಳಗಿಳಿಸಿ ಕೂರಿಸಿದೆ. ಕಾಲ್ಬೆರಳು ನೆಲಕ್ಕೆ ಮುಟ್ಟಲಿಲ್ಲ, ಕೈಬೆರಳು ಬ್ರೇಕಿಗೆ ಎಟುಕಲಿಲ್ಲ. "ಬೆಳೀತಾನೆ ಬಿಡಿ ಮೇಷ್ಟ್ರೇ, ಎರಡು ವರ್ಷಕ್ಕೆ ಸರಿಹೋಗುತ್ತೆ" ಎಂದರು. ಜೂನ್ ತಿಂಗಳಲ್ಲಿ ಮಕ್ಕಳಿಗೆ ಯೂನಿಫಾರ್ಮು ಹೊಲಿಸುವ ನಮ್ಮೆಲ್ಲರ ಲೆಕ್ಕವೂ ಇದೇ. ಆದರೆ ಸಡಿಲವಾದ ಅಂಗಿ ಯಾರನ್ನೂ ಲಾರಿಯ ಮುಂದೆ ಬೀಳಿಸುವುದಿಲ್ಲ. ಈ ಹುಡುಗನಿಗೆ 16 ಇಂಚಿನದು ನೋಡಿ ಎಂದು ಹೇಳಿ ಕಳಿಸಿದೆ.

ನನ್ನವಳು ಒಳಗಿನಿಂದ ಪಾತ್ರೆಯ ಸದ್ದು ಸ್ವಲ್ಪ ಜೋರಾಗಿಯೇ ಮಾಡಿದಳು. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಆಮೇಲೆ ವಾರವಿಡೀ ಯಾರೂ ಬರಲಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಲ್ಲಿ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ, ಅಲ್ಲಿಯವರೆಗೆ ತಡೆದುಕೋ ಎಂದು ಮಕ್ಕಳಿಗೆ ಹೇಳುವುದು ನಮ್ಮ ಕಡೆ ಅನೇಕ ಮನೆಗಳಲ್ಲಿ ರೂಢಿಯಾಗಿತ್ತು. ಎಂಟನೆಯದಕ್ಕೆ ಮುಂಚಿನ ವರ್ಷಗಳಲ್ಲೂ ಮಕ್ಕಳಿಗೆ ಕಾಲುಗಳಿರುತ್ತವೆ ಎಂಬುದು ಬೇರೆ ಮಾತು.

ಒಂದು ಭಾನುವಾರ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಬಂದರು. ನಾಲ್ಕನೇ ತರಗತಿ ಮುಗಿಸಿದ ಹುಡುಗಿ. ಕೂರಿಸಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ: ಪೆಡಲ್ ಕೆಳಗಿದ್ದಾಗ ಮಂಡಿ ಚೂರೇ ಬಾಗಿತ್ತು, ನಿಲ್ಲಿಸಿದರೆ ಕಾಲು ನೆಲ ಮುಟ್ಟುತ್ತಿತ್ತು. ನನ್ನವಳಿಗೆ ಕರುಳು ಚುರುಕ್ಕೆಂದಿರಬೇಕು, "ಬೆಲೆ ಏನು ಬಿಡಿ, ನಿಮಗೆ ತೋಚಿದಷ್ಟು ಕೊಡಿ" ಎಂದುಬಿಟ್ಟಳು.

ಆಕೆಯ ಮುಖ ಬಿಗಿಯಾಯಿತು. "ತೋಚಿದಷ್ಟು ಅಂದ್ರೆ ಎಷ್ಟಮ್ಮಾ? ನೀವು ಬೆಲೆ ಹೇಳಿ. ಹೇಳದಿದ್ರೆ ನಾನು ಚೌಕಾಸಿ ಹೇಗೆ ಮಾಡ್ಲಿ?"

ನಾನು ಮಗಳ ಕಡೆ ನೋಡಿದೆ. "ಸಾವಿರದ ಐನೂರು" ಎಂದಳು. ಎಂದವಳೇ ಟೈರು ಸವೆದಿದೆ, ಮೋರಿಗೆ ಬಿದ್ದು ರಿಮ್ಮು ಡೊಂಕಾಗಿತ್ತು ಎಂದು ಒಂದೇ ಉಸಿರಿಗೆ ಹೇಳಿ ಹಿಂದಿನ ಚಕ್ರವನ್ನು ತಾನೇ ತಿರುಗಿಸಿ ತೋರಿಸಿದಳು. ಆಕೆ ಬಗ್ಗಿ ನೋಡಿದರು, ಟೈರನ್ನು ಉಗುರಿನಿಂದ ಗೀಚಿದರು, ಸಾವಿರ ಎಂದರು. ಹನ್ನೊಂದು ವರ್ಷದವಳಿಗೂ ನಲವತ್ತು ಸಮೀಪಿಸಿದವರಿಗೂ ನಡೆದ ಆ ವ್ಯವಹಾರದಲ್ಲಿ ನಾವಿಬ್ಬರು ಬಾಯಿ ಹಾಕಲಿಲ್ಲ. ಹೊಸ ಟೈರಿಗೆ 250 ಬಿಟ್ಟು, 1,250ಕ್ಕೆ ನಿಂತಿತು. ಈಗ 750, ಉಳಿದದ್ದು ಶನಿವಾರ ಬಟವಾಡೆಯಾದ ಮೇಲೆ.

ಹಳೆಯ ಸೈಕಲ್ ಮಾರುವವರು ಒಂದು ಚೀಟಿ ಬರೆದುಕೊಡುವುದು ಒಳ್ಳೆಯದು. ಪೆಡಲಿನ ಅಚ್ಚಿನ ಕೆಳಗೆ ಸಾಮಾನ್ಯವಾಗಿ ಚೌಕಟ್ಟಿನ ಸಂಖ್ಯೆ ಒತ್ತಿರುತ್ತಾರೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಕೆಸರು ಕೆರೆದು ಮಗಳು ಆ ಸಂಖ್ಯೆಯನ್ನು ಬರೆದುಕೊಂಡಳು. ತಾರೀಖು, ಬೆಲೆ, ಬಂದದ್ದು, ಬಾಕಿ. ಶಿವಮೊಗ್ಗದ ಹಳೆಯ ಬಿಲ್ಲನ್ನೂ ಬೀಗದ ಎರಡೂ ಕೀಲಿಯನ್ನೂ ಕೊಟ್ಟೆವು. ನಾಳೆ ಯಾರಾದರೂ ಆ ಹುಡುಗಿಯನ್ನು ಸೈಕಲ್ ಎಲ್ಲಿಂದ ಬಂತು ಎಂದು ಕೇಳಿದರೆ ಕೈಯಲ್ಲಿ ಕಾಗದವಿರಬೇಕು.

ಶನಿವಾರ ಸಂಜೆ ಏಳಕ್ಕೆ 500 ರೂಪಾಯಿ ಬಂತು. ಮಗಳು ಚೀಟಿಯ ಬಾಕಿಗೆ ಅಡ್ಡಗೀಟು ಎಳೆದು, ದುಡ್ಡು ಎಣಿಸಿ, ನನ್ನ ಎದುರು ಬಂದು ನಿಂತಳು.

"1,900ರಲ್ಲಿ 1,250 ಹೋದರೆ 650."

"ಹೌದು."

"ಆ ಹುಡುಗನಿಗೆ ಬೇಡ ಅಂದದ್ದು ನೀನು. ಸೈಕಲ್ ನಂದು."

ಉತ್ತರ ಹುಡುಕಿದೆ. ಕಾಲು ನೆಲಕ್ಕೆ ಎಟುಕದ ಹುಡುಗನಿಗೆ ಮಾರಬಾರದೆಂಬ ನಿಯಮದಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ನಿಯಮ ನನ್ನದಾಗಿದ್ದು ನಷ್ಟ ಅವಳದಾಗುವುದು ಯಾವ ಲೆಕ್ಕ ಎಂಬ ಅವಳ ಪ್ರಶ್ನೆಯಲ್ಲೂ ತಪ್ಪಿರಲಿಲ್ಲ. 600ಕ್ಕೆ ಮುಗಿಸೋಣ ಎಂದು ಚೌಕಾಸಿ ಮಾಡಿ ನೋಡಿದೆ. ಒಪ್ಪಲಿಲ್ಲ. ಪೂರ್ತಿ 650 ಎಣಿಸಿ ಕೊಟ್ಟೆ. ಅವಳು ಅದಕ್ಕೂ ಒಂದು ಚೀಟಿ ಬರೆದುಕೊಟ್ಟಳು.