ಬಿಳಿ ಬಾವುಟಗಳ ಬಯಲಿನಲ್ಲಿ

ನಮ್ಮ ಮಾವನವರು 2020ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಹೋದದ್ದು ನಿಮಗೆಲ್ಲ ಗೊತ್ತೇ ಇದೆ. ಮರುವರ್ಷ ವಾಷಿಂಗ್ಟನ್ನಿನಲ್ಲಿ ನಡೆದದ್ದನ್ನು ಮಾತ್ರ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಇವತ್ತು ಹೇಳುತ್ತೇನೆ.

ಮಗು ಹುಟ್ಟಿದಾಗ ಅತ್ತೆ ಬಂದು ಬಾಣಂತನ ಮುಗಿಸಿಕೊಂಡು ಅರಸೀಕೆರೆಗೆ ಹಿಂತಿರುಗಿದ್ದರು. ಆಮೇಲೆ ಮೊಮ್ಮಗಳನ್ನು ಆಡಿಸಲು ಮಾವ ಬಂದರು. ಮಾರ್ಚ್‌ನಲ್ಲಿ ಭಾರತಕ್ಕೆ ವಿಮಾನಗಳು ನಿಂತವು. ವಾಪಸು ಟಿಕೆಟ್ ಚೀಲದಲ್ಲೇ ಉಳಿಯಿತು. ಜ್ವರ ಬಂದು ಆಂಬುಲೆನ್ಸ್ ಹತ್ತಿದವರನ್ನು ನಾವು ಮತ್ತೆ ಕಂಡದ್ದು ನರ್ಸ್ ಹಿಡಿದಿದ್ದ ಫೋನಿನಲ್ಲಿ. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯೂ ವಿಡಿಯೊ ಕಾಲ್‌ನಲ್ಲೇ ನಡೆಯಿತು. ನಾಲ್ಕು ಜನ ಮನೆಗೆ ಬಂದು, ಕೂತು, ಅವರ ವಿಷಯ ಮಾತಾಡಿ ಹೋಗಲೇ ಇಲ್ಲ. ನನ್ನ ಹೆಂಡತಿಯನ್ನು ಸುಟ್ಟದ್ದು ಅದು.

ಸುಝಾನ್ ಬ್ರೆನನ್ ಫರ್ಸ್ಟನ್‌ಬರ್ಗ್ ಅಂತ ಒಬ್ಬ ಕಲಾವಿದೆ. ಕೊನೆಗಾಲದಲ್ಲಿರುವ ರೋಗಿಗಳ ಆರೈಕೆಯಲ್ಲಿ ಬಹಳ ವರ್ಷ ಸ್ವಯಂಸೇವೆ ಮಾಡಿದವರು. ಅಮೆರಿಕದಲ್ಲಿ ಕೋವಿಡ್‌ಗೆ ಬಲಿಯಾದ ಒಬ್ಬೊಬ್ಬರಿಗೂ ಒಂದೊಂದು ಬಿಳಿ ಬಾವುಟ ನೆಡಬೇಕು ಅಂತ ಹೊರಟರು. 2020ರ ಕೊನೆಯಲ್ಲಿ ವಾಷಿಂಗ್ಟನ್ನಿನ ಬೇರೊಂದು ಮೈದಾನದಲ್ಲಿ ನೆಟ್ಟಾಗಲೇ ಎರಡೂವರೆ ಲಕ್ಷ ದಾಟಿತ್ತು. 2021ರ ಸೆಪ್ಟೆಂಬರ್ 17ರಿಂದ ಅಕ್ಟೋಬರ್ 3ರವರೆಗೆ ನ್ಯಾಷನಲ್ ಮಾಲ್‌ನಲ್ಲಿ, ವಾಷಿಂಗ್ಟನ್ ಸ್ಮಾರಕಸ್ತಂಭದ ಬುಡದಲ್ಲಿ, ಇಪ್ಪತ್ತು ಎಕರೆ ಹುಲ್ಲಿನ ಮೇಲೆ ಮತ್ತೆ ನೆಟ್ಟರು.

ನಾವು ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ತೆಳು ತಂತಿಗೆ ಸಿಕ್ಕಿಸಿದ ಅಂಗೈಯಗಲದ ಬಿಳಿ ತುಂಡುಗಳು, ಮೊಣಕಾಲೂ ಮುಟ್ಟದ ಎತ್ತರ. ಚೌಕ ಚೌಕವಾಗಿ ನೆಟ್ಟು ನಡುವೆ ಕಾಲುದಾರಿ ಬಿಟ್ಟಿದ್ದರು. ಗಾಳಿ ಬಂದರೆ ಅಷ್ಟೂ ಒಟ್ಟಿಗೆ ಪಟಪಟ ಅನ್ನುತ್ತಿದ್ದವು. ದೊಡ್ಡದೊಂದು ಫಲಕದಲ್ಲಿ ಸತ್ತವರ ಸಂಖ್ಯೆ ಇತ್ತು. ದಿನವೂ ಅದನ್ನು ಬದಲಿಸಿ, ಹೊಸ ಬಾವುಟ ಸೇರಿಸುತ್ತಿದ್ದರು. 1918ರ ಇನ್‌ಫ್ಲುಯೆಂಜಾದಲ್ಲಿ ಆ ದೇಶ ಕಳೆದುಕೊಂಡವರು 6,75,000 ಅಂತ ಅಂದಾಜು. ನಾವು ಹೋಗುವಷ್ಟರಲ್ಲಿ ಅದನ್ನೂ ದಾಟಿಯಾಗಿತ್ತು.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಎರಡನೇ ಮಹಾಯುದ್ಧದ ಸ್ಮಾರಕವಿದೆ. ಅದರ ಗೋಡೆಯಲ್ಲಿ 4,048 ಬಂಗಾರದ ಬಣ್ಣದ ನಕ್ಷತ್ರ. ಒಂದೊಂದು ನಕ್ಷತ್ರವೂ ನೂರು ಜನರ ಲೆಕ್ಕ. ಅಷ್ಟು ಸಾವನ್ನು ಗೋಡೆಗೆ ಹಿಡಿಸಬೇಕಾದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನೂರರಲ್ಲಿ ಒಬ್ಬರಾಗಿ ತಂದೆ ಕರಗಿಹೋಗುವುದನ್ನು ನನ್ನ ಹೆಂಡತಿ ಸಹಿಸುತ್ತಿರಲಿಲ್ಲ. ಒಬ್ಬರಿಗೆ ಒಂದು ಅಂದದ್ದಕ್ಕೇ ಅವಳು ಅಷ್ಟು ದೂರ ಬಂದದ್ದು.

ಸ್ವಯಂಸೇವಕರು ಬಾವುಟವನ್ನೂ ಮಾರ್ಕರ್ ಪೆನ್ನನ್ನೂ ಕೊಟ್ಟರು. ನೀವು ಯಾವ ದೇಶದವರು, ಸತ್ತವರು ಇಲ್ಲಿಯವರೇ ಅಂತ ಯಾರೂ ಕೇಳಲಿಲ್ಲ. ಅವಳು ತಂದೆಯನ್ನು ಅಣ್ಣ ಅಂತಲೇ ಕರೆಯುತ್ತಿದ್ದುದು. ಹಾಗೇ ಬರೆದಳು: ‘ಅಣ್ಣ, ಅರಸೀಕೆರೆ, ಕೆಇಬಿ ಮೀಟರ್ ರೀಡರ್.’ ಮೊಮ್ಮಗಳು ಪೆನ್ನು ಕಿತ್ತುಕೊಂಡು ಮೂಲೆಯಲ್ಲಿ ಒಂದು ಗೀಟು ಎಳೆಯಿತು. ನೆಟ್ಟು ಏಳುವಾಗ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದ ಕರಿಯ ಅಜ್ಜಿಯೊಬ್ಬರು, ‘ನನಗೆ ಬಗ್ಗೋಕಾಗಲ್ಲ, ನಮ್ಮ ಯಜಮಾನರದ್ದೂ ನೆಡ್ತೀಯಾ ಮಗಳೇ?’ ಅಂತ ಕೇಳಿದರು. ನೆಟ್ಟಳು. ಆಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಾತಿಗಿಳಿದರು: ಆಸ್ಪತ್ರೆಯ ಕಿಟಕಿ, ನರ್ಸ್‌ನ ಫೋನು, ಸಿಕ್ಕದೇ ಹೋದ ಕೊನೆಯ ಮಾತು. ಹದಿಮೂರನೆಯ ದಿನ ನಮ್ಮ ಮನೆಯಲ್ಲಿ ಆಗಬೇಕಿದ್ದ ಮಾತು ಅದೇ. ನಾನು ಮಗುವನ್ನೆತ್ತಿಕೊಂಡು ದೂರ ಸರಿದೆ.

ಅತ್ತೆಗೆ ವಿಡಿಯೊ ಕಾಲ್ ಮಾಡಿದೆವು. ಅಲ್ಲಿ ಆಗ ಸಂಜೆ. ಬಾವುಟ ನೋಡಿದವರೇ, ‘ಪಕ್ಕದಲ್ಲಿ ಯಾರಿದ್ದಾರೆ?’ ಅಂದರು. ಎಡಕ್ಕೆ ಅಜ್ಜಿಯ ಯಜಮಾನರು, ಬಲಕ್ಕೆ ಒಬ್ಬ ಬಸ್ ಡ್ರೈವರ್, ಹಿಂದಿನ ಸಾಲಿನಲ್ಲಿ ಯಾರದೋ ತಾಯಿ. ಇವಳು ಬಗ್ಗಿ ಓದಿ ಓದಿ ಹೇಳಿದಳು. ಅವರು ಇನ್ನೂ ಕೇಳಿದರು, ಇವಳು ಇನ್ನೂ ಓದಿದಳು. ಕೊನೆಗೆ, ‘ಮಳೆ ಬಂದರೆ ಅಕ್ಷರ ಅಳಿಸಿಹೋಗಲ್ವೇನೇ?’ ಅಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಅಕ್ಟೋಬರ್ 3ರಂದು ಮುಗಿದಾಗ ಬಾವುಟಗಳ ಸಂಖ್ಯೆ ಏಳು ಲಕ್ಷ ದಾಟಿತ್ತು. ಬರಹವಿದ್ದವನ್ನು ಬೇರೆಯಾಗಿ ಎತ್ತಿಟ್ಟು, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅವುಗಳ ಚಿತ್ರ ತೆಗೆದು ದಾಖಲಿಸುತ್ತಿದ್ದಾರೆ ಅಂತ ಆಮೇಲೆ ಓದಿದೆವು. ಅರಸೀಕೆರೆಯಲ್ಲಿ ಆಗ ನಡುರಾತ್ರಿ. ಆದರೂ ಅವಳು ಅಮ್ಮನನ್ನು ಎಬ್ಬಿಸಿ ಹೇಳಿದಳು.